ಪವಾಯಿಯಲ್ಲಿ ಎತ್ತಿದ ಕೈ

ಮೊನ್ನೆ ಸಾರಿಗೆ ಇಂಗು ಹುಡುಕುತ್ತ ಅಡುಗೆಮನೆಯ ಡ್ರಾವರಿಗೆ ಕೈ ಹಾಕಿದರೆ ಸಿಕ್ಕಿದ್ದು ಒಂದು ಗೇಣುದ್ದದ ಹಳದಿ ವಯರು. ಎರಡೂ ತುದಿಗೆ ಪುಟ್ಟ ಲೋಹದ ಮೂತಿ. ಇದು ಇಲ್ಲಿಗೆ ಹೇಗೆ ಬಂತು ಎಂದು ಇವರನ್ನು ಕೇಳಿದೆ. ಪೇಪರಿನಿಂದ ತಲೆ ಎತ್ತದೆ, "ನಿನ್ನ ಸಂಗೀತದ ಸಾಮಾನು ಈ ಮನೆಯಲ್ಲಿ ಎಲ್ಲಿಲ್ಲ ಹೇಳು? ನಿನ್ನೆ ಬಟ್ಟೆ ಒಣಹಾಕುವ ಕ್ಲಿಪ್ಪಿನ ಬುಟ್ಟಿಯಲ್ಲೂ ಒಂದಿತ್ತು" ಎಂದರು.

ಅರವತ್ತಮೂರು ವರ್ಷದ ಹೆಂಗಸಿನ ಅಡುಗೆಮನೆಯಲ್ಲಿ ಕರಿಬೇವಿನ ಪಕ್ಕ ಇಂಥ ವಯರು ಇದ್ದರೆ ನೋಡಿದವರು ಏನೆಂದುಕೊಂಡಾರು? ಆದರೆ ನನಗೂ ವಯರಿಗೂ ನಿನ್ನೆ ಮೊನ್ನೆಯ ನಂಟಲ್ಲ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ನಿಮಗೆ ಅವಸರವಿಲ್ಲ ತಾನೆ?

ನಾನು ಬೆಳೆದದ್ದು ಮುಂಬೈಯ ಚೆಂಬೂರಿನ ಒಂದು ಕಾಲೋನಿಯಲ್ಲಿ. ಅಪ್ಪ ಉಡುಪಿ ಕಡೆಯಿಂದ ಬಂದು ರಿಫೈನರಿಯಲ್ಲಿ ಕೆಲಸಕ್ಕೆ ಸೇರಿದವರು. ಮೂರು ಮಾಳಿಗೆಯ ಬಿಲ್ಡಿಂಗು, ಗೋಡೆಗಳು ತೆಳು. ನಮ್ಮ ಮನೆಯಲ್ಲಿ ನನಗಿದ್ದ ಹುದ್ದೆ ಕಿವಿಯದು. ಕುಕ್ಕರಿನ ಸೀಟಿ ಕೇಳಿದರೆ ಅದು ಮೇಲಿನ ಪಾಟೀಲರದೋ, ಎದುರಿನ ಅಯ್ಯರ್ ಮಾಮಿಯದೋ ಎಂದು ಹೇಳುತ್ತಿದ್ದೆ. ಅಪ್ಪ ಮೆಟ್ಟಿಲು ಹತ್ತುವ ಸದ್ದಿನಲ್ಲೇ ಅವತ್ತಿನ ಅವರ ಮೂಡು ತಿಳಿಯುತ್ತಿತ್ತು. ಪುಸ್ತಕ ತೆಗೆದು ಕೂರಬೇಕೋ, ಕೇರಂ ಬೋರ್ಡು ಹಾಗೇ ಇರಲೋ ಎಂಬುದನ್ನು ಅಣ್ಣಂದಿರು ನನ್ನನ್ನು ಕೇಳಿಯೇ ತೀರ್ಮಾನಿಸುತ್ತಿದ್ದರು. ಒಮ್ಮೆ ಮಾತ್ರ ತಪ್ಪಿದ್ದೆ. ಅವತ್ತು ಅಪ್ಪ ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದರು.

ಇಪ್ಪತ್ತು ವರ್ಷಕ್ಕೆ ಮುಂಬೈಯ ಕೋಟೆ ಭಾಗದ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಆಗ ಪರವೂರಿಗೆ ಫೋನ್ ಮಾಡಬೇಕಾದರೆ ಮೊದಲು ನಮಗೆ ಹೇಳಬೇಕಿತ್ತು. ಎದುರಿಗೆ ಗೋಡೆಯಂಥ ಬೋರ್ಡು, ಅದರ ತುಂಬ ತೂತುಗಳು, ಮೇಜಿನ ಮೇಲೆ ಸಾಲಾಗಿ ನಿಂತ ವಯರುಗಳು. ಒಂದರ ಮೂತಿಯನ್ನು ಮುಂಬೈಯ ತೂತಿಗೂ ಇನ್ನೊಂದನ್ನು ನಾಗಪುರದ ತೂತಿಗೂ ಚುಚ್ಚಿದರೆ ಇಲ್ಲಿಯ ಮಗ ಅಲ್ಲಿಯ ತಾಯಿ ಜೊತೆ ಮಾತಾಡುತ್ತಿದ್ದ. ಮೂರು ನಿಮಿಷವಾದ ಕೂಡಲೆ ನಾವು ನಡುವೆ ಬಾಯಿ ಹಾಕಬೇಕು. ಎಷ್ಟು ಜನರ ಅಳುವಿನ ಮಧ್ಯೆ "ಮೂರು ನಿಮಿಷ ಆಯಿತು, ಮುಂದುವರಿಸುತ್ತೀರಾ?" ಎಂದು ಕೇಳಿದ್ದೇನೋ, ದೇವರೇ ಬಲ್ಲ.

ಲೈನಿನ ಗುಂಯ್‌ಗುಡುವಿಕೆ ಕೇಳಿಯೇ ಅದು ಯಾವ ಊರಿನದೆಂದು ಹೇಳುತ್ತಿದ್ದೆ. ನಾಗಪುರದ ಲೈನು ವಡೆ ಕರಿದಂತೆ ಚುಯ್‌ಗುಡುತ್ತಿತ್ತು. ಮಂಗಳೂರಿನದು ಮಳೆಗಾಲದಲ್ಲಿ ಒಂದು ಥರ, ಬೇಸಿಗೆಯಲ್ಲಿ ಒಂದು ಥರ. ಅಪ್ಪ ಊರಿಗೆ ಕಾಗದ ಬರೆಯುವಾಗ, "ಚಿ. ವಸುಮತಿ ಕಿವಿಯ ಕೆಲಸದಲ್ಲಿ ಎತ್ತಿದ ಕೈ ಎಂದು ಆಫೀಸಿನಲ್ಲಿ ಹೆಸರಾಗಿದೆ" ಎಂದು ಬರೆದಿದ್ದರು. ಕಿವಿಗೂ ಕೈಗೂ ಎತ್ತಣ ಸಂಬಂಧ ಎಂದು ಅಣ್ಣಂದಿರು ವಾರವಿಡೀ ನಕ್ಕರು. ನನಗೆ ಮಾತ್ರ ಆ ವಾಕ್ಯ ಪದಕದ ಹಾಗೆ. ಜನ ತಾವೇ ನಂಬರು ತಿರುಗಿಸಿ ಪರವೂರಿಗೆ ಮಾತಾಡುವ ಕಾಲ ಬಂತು. ಬೋರ್ಡುಗಳು ಗುಜರಿಗೆ ಹೋದವು. ನಾನು ಕೌಂಟರಿನಿಂದ ಕೌಂಟರಿಗೆ ಸರಿಯುತ್ತ ಒಂದು ದಿನ ನಿವೃತ್ತಳಾದೆ. ಪದಕ ಮಾತ್ರ ಎದೆಯ ಮೇಲೇ ಇತ್ತು.

ಇನ್ನು ಸಂಗೀತದ ಕಥೆ. ನನ್ನ ಮಗಳು ಶಾಲೆಯಲ್ಲಿದ್ದಾಗ ನುಡಿಸುತ್ತಿದ್ದ ಕೀಬೋರ್ಡೊಂದು ನಮ್ಮ ಕಪಾಟಿನ ಮೇಲೆ ಬಹಳ ಕಾಲದಿಂದ ಧೂಳು ತಿನ್ನುತ್ತಿತ್ತು. ಮದುವೆಯಾಗಿ ಮಲಾಡಿನಲ್ಲಿರುವ ಅವಳಿಗೆ, "ತೆಗೊಂಡು ಹೋಗು, ಇಲ್ಲ ಯಾರಿಗಾದರೂ ಕೊಡು" ಎಂದು ಗಂಟುಬಿದ್ದೆ. ಅವಳು ನನ್ನ ಫೋನು ಇಸಿದುಕೊಂಡು ನನ್ನನ್ನು ಒಂದು ವಾಟ್ಸ್ಯಾಪ್ ಗುಂಪಿಗೆ ಸೇರಿಸಿದಳು. ಹೆಸರು 'ತಾರ್‌ವಾಲೇ', ಅಂದರೆ ವಯರಿನವರು. ವಿದ್ಯುತ್ತಿನಿಂದ ಸಂಗೀತ ಮಾಡುವ ಮುಂಬೈಯ ಹುಡುಗ ಹುಡುಗಿಯರ ಗುಂಪು ಅದು. ಬೇಡವಾದ ಯಂತ್ರಗಳ ಅದಲುಬದಲು, ಕಂಪ್ಯೂಟರಿನ ಸಂಗೀತದ ಸಾಫ್ಟ್‌ವೇರುಗಳ ಬಗ್ಗೆ ಜಗಳ, ಕೆಟ್ಟದ್ದಕ್ಕೆ ಮದ್ದು, ಇವೇ ಅಲ್ಲಿಯ ವ್ಯವಹಾರ.

ಫೋನಿನಲ್ಲಿ ನನ್ನ ಹೆಸರು 'ವಸು' ಎಂದಷ್ಟೇ ಇತ್ತು. ಚಿತ್ರದ ಜಾಗದಲ್ಲಿ ದಾಸವಾಳ. ಕೀಬೋರ್ಡಿನ ಫೋಟೋ ಹಾಕಿದ ಐದು ನಿಮಿಷದಲ್ಲಿ, "ಬ್ರೋ, ಕಂಡೀಶನ್ ಹೇಗಿದೆ?", "ಬ್ರೋ, ಅದಲುಬದಲು ಮಾಡ್ತೀಯಾ?" ಎಂದು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಸುರಿಮಳೆ. ಯಾರೋ ನನ್ನನ್ನು ಗಂಡಸೆಂದುಕೊಂಡಿದ್ದಾರೆ ಎಂದು ತಿದ್ದಲು ಹೊರಟವಳು ಸುಮ್ಮನಾದೆ. ಹುಟ್ಟಿದಾಗಿನಿಂದ ಮಗಳೇ, ತಂಗಿ, ಮೇಡಂ, ಅಮ್ಮಾ ಎಂದು ಕರೆಸಿಕೊಂಡವಳಿಗೆ ಬ್ರೋ ಎನಿಸಿಕೊಳ್ಳುವುದು ಪುಕ್ಕಟೆ ಪ್ರವಾಸದ ಹಾಗಿತ್ತು. ಎರಡು ತಿಂಗಳು ಬ್ರೋ ಆಗಿಯೇ ಇದ್ದೆ.

ಆಮೇಲೊಂದು ದಿನ ಯಾರೋ ತಮ್ಮ ಯಂತ್ರದ ಫೋಟೋ ಹಾಕಿದರು. ನೋಡಿದವಳು ಕೂತಲ್ಲೇ ನೆಟ್ಟಗಾದೆ. ತೂತುಗಳ ಬೋರ್ಡು! ಅಡ್ಡಡ್ಡ ಚುಚ್ಚಿದ ಬಣ್ಣಬಣ್ಣದ ವಯರುಗಳು! ಅಳತೆಯಲ್ಲಿ ಚಿಕ್ಕದು ಎಂಬುದು ಬಿಟ್ಟರೆ ನನ್ನ ಎಕ್ಸ್‌ಚೇಂಜಿನ ಬೋರ್ಡೇ. ಇದನ್ನು ಮುಟ್ಟಬಹುದೇ ಎಂದು ಕೇಳಿದೆ. "ಭಾನುವಾರ ಹನ್ನೊಂದು ಗಂಟೆಗೆ ಪವಾಯಿಯಲ್ಲಿ ಸೇರ್ತೇವೆ, ಬಾ ಬ್ರೋ" ಎಂದು ಉತ್ತರ ಬಂತು.

ಬ್ರೋ ಹೋದಳು. ಹತ್ತಿ ಸೀರೆ ಉಟ್ಟು, ಮಗ್ಗುಲಲ್ಲಿ ಕೀಬೋರ್ಡು ಹಿಡಿದು. ಅದು ಒಂದು ವಸತಿ ಸೊಸೈಟಿಯ ಕ್ಲಬ್‌ಹೌಸು. ಬಾಗಿಲಲ್ಲಿ ನಿಂತ ತೆಳ್ಳಗಿನ ಹುಡುಗಿ, "ಆಂಟಿ, ಯೋಗಾ ಕ್ಲಾಸ್ ಊಪರ್ ಹೈ" ಎಂದು ಮೇಲಿನ ಮಾಳಿಗೆ ತೋರಿಸಿದಳು. ನಾನು ಮುಖ ಗಂಭೀರ ಮಾಡಿಕೊಂಡು, "ಮೈಂ ವಸು ಬ್ರೋ" ಎಂದೆ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಹೆಸರು, ಊರು ವಿಚಾರಿಸಿದಾಗ ಅವಳ ತಂದೆತಾಯಿಯೂ ಉಡುಪಿಯವರೇ ಎಂದು ತಿಳಿಯಿತು. ಹೆಸರು ಪೂರ್ವಿ. ಜಾಹೀರಾತಿನ ಸ್ಟುಡಿಯೋದಲ್ಲಿ ಧ್ವನಿಯ ಕೆಲಸ. "ನನ್ನ ಕನ್ನಡ ಸ್ವಲ್ಪ ಟೂಟಾಫೂಟಾ, ಆಂಟಿ. ನೀವು ನಗ್ಬಾರ್ದು ಹಾಂ" ಎಂದಳು. ಗುಂಪನ್ನು ನಡೆಸುವವನು ನಿಖಿಲ್, ಮಲಾಡಿನ ಅಂಗಡಿಯೊಂದರಲ್ಲಿ ಕೀಬೋರ್ಡು, ಆಂಪ್ಲಿಫೈಯರು ರಿಪೇರಿ ಮಾಡುವ ಮೂವತ್ತರ ಹುಡುಗ. ತಾಯಿ ಹುಬ್ಬಳ್ಳಿಯವರಂತೆ. "ಬರ್ರಿ ಆಂಟಿ, ಕೂಡ್ರಿ" ಎಂದು ಅವನು ಕುರ್ಚಿ ಎಳೆದಾಗ ಅರ್ಧ ಭಯ ಹೋಯಿತು.

ಯಂತ್ರದ ಮುಂದೆ ಕೂತ ಮೇಲೆ ಉಳಿದರ್ಧವೂ ಹೋಯಿತು. ಒಂದು ತೂತಿನಿಂದ ಸ್ವರ ಹೊರಡುತ್ತದೆ, ಇನ್ನೊಂದು ಅದನ್ನು ಉಜ್ಜುತ್ತದೆ, ಮತ್ತೊಂದು ಅದಕ್ಕೆ ತಾಳ ಹಾಕುತ್ತದೆ. ಯಾವುದನ್ನು ಯಾವುದಕ್ಕೆ ಜೋಡಿಸಬೇಕೆಂಬುದಷ್ಟೇ ವಿದ್ಯೆ. ನಾನು ಎಡಗೈಯಲ್ಲಿ ಎರಡು ವಯರು, ಬಲಗೈಯಲ್ಲಿ ಎರಡು ಹಿಡಿದು ಹಳೇ ಅಭ್ಯಾಸದಂತೆ ಚಕಚಕನೆ ಚುಚ್ಚಿದೆ. ಸುತ್ತಲಿದ್ದ ಹತ್ತು ಹನ್ನೆರಡು ಮಂದಿ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. "ಆಂಟಿ, ಇಷ್ಟು ಸ್ಪೀಡ್ ಎಲ್ಲಿಂದ ಬಂತ್ರಿ?" ಎಂದ ನಿಖಿಲ್. ಹೇಳಿದೆ. ಅವತ್ತು ಮಧ್ಯಾಹ್ನ ಎರಡರವರೆಗೆ ನಾನು ಟ್ರಂಕ್ ಕಾಲಿನ ಪುರಾಣ ಹೇಳಿದ್ದು, ಅವರು ಸಮೋಸಾ ತಿನ್ನುತ್ತ ಕೇಳಿದ್ದು. ಕೀಬೋರ್ಡು ಕೊಟ್ಟು ಬದಲಿಗೆ ಪುಸ್ತಕದಷ್ಟು ದೊಡ್ಡ ಯಂತ್ರವೊಂದನ್ನು ಮನೆಗೆ ತಂದೆ. ಹೊರೆ ಇಳಿಸಲು ಹೋದವಳು ಹೊರೆ ಹೊತ್ತು ಬಂದದ್ದನ್ನು ಇವರು ಪೇಪರಿನ ಮೇಲಿಂದ ನೋಡಿದರು.

ಆಮೇಲಿನ ತಿಂಗಳುಗಳು ಬಲು ಸುಖದವು. ತಿಂಗಳಿಗೊಂದು ಭಾನುವಾರ ಪವಾಯಿ, ಉಳಿದ ದಿನ ಊಟದ ಮೇಜಿನ ಮೇಲೆ ವಯರು. ಪೂರ್ವಿ ಹೇಳಿಕೊಟ್ಟ ಸಾಫ್ಟ್‌ವೇರನ್ನು ಕಲಿತು, ನಾನೂ ಒಂದು ಕೃತಿ ರಚಿಸಿದೆ. ಹೆಸರು 'ಮೂರು ನಿಮಿಷ'. ಲೈನಿನ ಗುಂಯ್, ವಯರು ಚುಚ್ಚುವ ಟಕ್, ದೂರದ ಗಂಟೆ, ಎಲ್ಲವನ್ನೂ ಯಂತ್ರದಿಂದಲೇ ಮಾಡಿ ಜೋಡಿಸಿದ್ದೆ. ಮೊದಲು ಇವರಿಗೆ ಕೇಳಿಸಿದೆ. ಮುಖ ಹುಳ್ಳಗೆ ಮಾಡಿಕೊಂಡು, "ಸ್ವಲ್ಪ ಕಿವಿ ಕಚ್ಚುತ್ತದಲ್ಲ?" ಎಂದರು. ಇವರಿಗೆ ಭಜನೆಯ ಆಚೆ ಏನು ಗೊತ್ತು ಎಂದುಕೊಂಡು ಗುಂಪಿಗೆ ಹಾಕಿದೆ. "ನೈಸ್", "ಸ್ವಲ್ಪ ಬ್ರೈಟ್ ಆಗಿದೆ, ಆಂಟಿ" ಎಂದೆಲ್ಲ ಬರೆದರು. ಬ್ರೈಟ್ ಎಂದರೆ ಹೊಗಳಿಕೆ ಎಂದು ತಿಳಿದು ನಾನು ಎಲ್ಲರಿಗೂ ಕೈಮುಗಿದ ಚಿತ್ರ ಕಳಿಸಿದೆ.

ಅದರ ಮರು ಭಾನುವಾರವೇ ನಡೆದದ್ದು ನಾನು ಹೇಳಹೊರಟ ಸಂಗತಿ.

ನಿಖಿಲ್ ಅವತ್ತು ಲ್ಯಾಪ್‌ಟಾಪಿನ ಮುಂದೆ ಕೂತು, "ಎಲ್ಲಾರೂ ಕಣ್ಣು ಮುಚ್ಚಿ ಕೈ ಎತ್ರಿ. ಒಂದು ಸ್ವರ ಮ್ಯಾಲ ಮ್ಯಾಲ ಹೋಗ್ತದ. ಯಾವಾಗ ಕೇಳಂಗಿಲ್ಲೋ ಆವಾಗ ಕೈ ಇಳಸ್ರಿ" ಎಂದು ಹಿಂದಿಯಲ್ಲೊಮ್ಮೆ, ನನಗಾಗಿ ಕನ್ನಡದಲ್ಲೊಮ್ಮೆ ಹೇಳಿದ. ಸಂಗೀತ ಮಾಡುವವರಿಗೆ ತಮ್ಮ ಕಿವಿಯ ಎಲ್ಲೆ ಗೊತ್ತಿರಬೇಕಂತೆ.

ಸ್ವರ ಹೊರಟಿತು. ಮೊದಲು ಭ್ರಮರದಂತೆ, ಆಮೇಲೆ ಕೊಳಲಿನಂತೆ, ಆಮೇಲೆ ಕುಕ್ಕರಿನಂತೆ ಏರಿತು. ಏರುತ್ತ ಏರುತ್ತ, ಮೆಟ್ಟಿಲು ಹತ್ತುತ್ತಿದ್ದವರು ತಿರುವಿನಲ್ಲಿ ಮರೆಯಾದ ಹಾಗೆ ಸಟಕ್ಕನೆ ಇಲ್ಲವಾಯಿತು. ಇಷ್ಟು ಬೇಗವೇ? ನಿಖಿಲನೇ ನಿಲ್ಲಿಸಿರಬೇಕು ಎಂದುಕೊಂಡೆ. ಒಂದು ರೆಪ್ಪೆ ಸ್ವಲ್ಪವೇ ಎತ್ತಿ ನೋಡಿದರೆ ಎಲ್ಲರ ಕೈಯೂ ಮೇಲಿದೆ! ನನ್ನ ಕೈ ಇಳಿಯಲೊಲ್ಲದು. ಕಿವಿಯ ಕೆಲಸದಲ್ಲಿ ಹೆಸರಾದವಳು ಎಲ್ಲರಿಗಿಂತ ಮೊದಲು ಇಳಿಸುವುದೇ? ಇನ್ನೊಂದು ಕ್ಷಣ, ಇನ್ನೊಂದು ಕ್ಷಣ ಎಂದು ಕಣ್ಣು ಬಿಗಿಯಾಗಿ ಮುಚ್ಚಿ ಕೂತೆ. ತೋಳು ನೋಯತೊಡಗಿದಾಗ ಕಣ್ಣು ಬಿಟ್ಟೆ. ಎಲ್ಲರ ಕೈಯೂ ತೊಡೆಯ ಮೇಲಿತ್ತು. ಎಲ್ಲರ ಕಣ್ಣೂ ನನ್ನ ಮೇಲಿತ್ತು. ಬಸ್ಸು ನಿಲ್ಲಿಸುವವಳ ಹಾಗೆ ನಾನೊಬ್ಬಳು ಕೈ ಎತ್ತಿ ಕೂತಿದ್ದೆ.

ಯಾರೋ ಚಪ್ಪಾಳೆ ತಟ್ಟಿದರು. "ಆಂಟಿ ಜೀತ್ ಗಯೀ!" ಎಂದರು. ಗೆದ್ದವಳ ಹಾಗೆ ನಾನೂ ನಕ್ಕೆ. ನಿಖಿಲ್ ಮಾತ್ರ ನಗದೆ ಪರದೆ ನೋಡುತ್ತಿದ್ದ.

ವಾಪಸು ಹೊರಟಾಗ ಪೂರ್ವಿ ರಿಕ್ಷಾದವರೆಗೆ ಬಂದಳು. ಕೆರೆಯ ಪಕ್ಕದ ರಸ್ತೆಯಲ್ಲಿ ಸ್ವಲ್ಪ ದೂರ ನಡೆದು, "ಆಂಟಿ, ನೀವು ಸಿಟ್ಟು ಮಾಡ್ಬಾರ್ದು ಹಾಂ. ನೀವು ಕೈ ಮೇಲೆ ಇಟ್ಟಿದ್ರಲ್ಲ, ಆಗ... ಮತ್ಲಬ್, ಸೌಂಡ್ ಬಂದ್ ಆಗಿತ್ತು. ನಿಖಿಲ್ ಪೂರಾ ಬಂದ್ ಮಾಡಿದ್ದ" ಎಂದಳು.

"ನನಗೆ ಗೊತ್ತು. ತಮಾಷೆಗೆ ಇಟ್ಟಿದ್ದೆ" ಎಂದೆ.

"ಆಂಟಿ, ನಿಮ್ಮ 'ಮೂರು ನಿಮಿಷ' ಕೂಡ..."

"ಅದಕ್ಕೇನಾಗಿದೆ?"

ಉತ್ತರಕ್ಕೆ ಕಾಯದೆ ನಾನು ರಿಕ್ಷಾ ಹತ್ತಿದೆ. ಚೆಂಬೂರು ಬರುವವರೆಗೂ ಅವಳನ್ನು ಮನಸ್ಸಿನಲ್ಲೇ ಬೈದೆ. ಮನೆಗೆ ಬಂದು ಯಂತ್ರಕ್ಕೆ ಹಳೇ ಸೀರೆ ಸುತ್ತಿ ಕಪಾಟಿನ ಮೇಲೆ ಇಟ್ಟೆ. ಗುಂಪಿನ ಸಂದೇಶಗಳನ್ನು ನೋಡುವುದನ್ನು ಬಿಟ್ಟೆ. ಮುಂದಿನ ತಿಂಗಳು ಹೋಗಲಿಲ್ಲ, ಅದರ ಮುಂದಿನ ತಿಂಗಳೂ ಹೋಗಲಿಲ್ಲ. ಮಂಡಿನೋವು ಎಂದು ಇವರಿಗೆ ಹೇಳಿದೆ. ಕಿವಿಯ ಮಾನ ಉಳಿಸಲು ಮಂಡಿಯನ್ನು ಬಲಿ ಕೊಟ್ಟೆ.

ಮೂರನೇ ತಿಂಗಳು ಒಂದು ಬೆಳಿಗ್ಗೆ ಪೂರ್ವಿಯೇ ಲ್ಯಾಪ್‌ಟಾಪು ಹೊತ್ತು ನಮ್ಮ ಮನೆಗೆ ಬಂದಳು. ಬಾಗಿಲು ತೆಗೆದವರು ಇವರು. ನೀರುದೋಸೆ ತಿಂದು ಕೈ ತೊಳೆದ ಮೇಲೆ ಅವಳು 'ಮೂರು ನಿಮಿಷ'ವನ್ನು ಪರದೆಯ ಮೇಲೆ ಹಾಕಿದಳು. ಸದ್ದನ್ನು ಚಿತ್ರವಾಗಿ ತೋರಿಸುವ ಸಾಫ್ಟ್‌ವೇರು ಅದು. ಎಡಗಡೆ ತಗ್ಗಿನ ಸ್ವರಗಳು, ಬಲಗಡೆ ಎತ್ತರದವು. ಎಡದಲ್ಲಿ ಸಣ್ಣ ದಿಬ್ಬಗಳು, ಬಲತುದಿಯಲ್ಲಿ ನೆಟ್ಟಗೆ ಎದ್ದ ಒಂದು ಗುಡ್ಡ.

"ಈ ಗುಡ್ಡ ನಿಮಗೆ ಕೇಳ್ತದಾ, ಆಂಟಿ?"

ನಾನು ಹೆಡ್‌ಫೋನು ಹಾಕಿ ಕೇಳಿದೆ. ಗುಡ್ಡ ಪರದೆಯ ಮೇಲೆ ಕುಣಿಯುತ್ತಿತ್ತು. ಕಿವಿಯಲ್ಲಿ ಏನೂ ಇರಲಿಲ್ಲ.

"ನಿಮಗೆ ಕೇಳ್ಲಿಲ್ಲ ಅಂತ ನೀವು ಇದನ್ನು ಜಾಸ್ತಿ ಜಾಸ್ತಿ ಮಾಡ್ತಾ ಹೋದ್ರಿ. ಬಾಕಿಯವರಿಗೆ ಅದು ಸೂಜಿ ಥರ ಚುಚ್ಚುತ್ತೆ. ಬ್ರೈಟ್ ಅಂತ ಬರ್ದಿದ್ದು ಅದಕ್ಕೇ. ನಿಮ್ಮ ಟ್ಯೂನ್ ಬಹಳ ಚೆನ್ನಾಗಿದೆ. ಕಸಮ್ ಸೇ. ಕಿವಿ ಒಮ್ಮೆ ತೋರಿಸಿ ಆಂಟಿ, ಪ್ಲೀಸ್."

ನಾನು ಸಹಾಯಕ್ಕೆಂದು ಇವರ ಮುಖ ನೋಡಿದೆ. ಇವರು ತಟ್ಟೆಯಲ್ಲಿ ಉಳಿದ ಚಟ್ನಿಯನ್ನೇ ನೋಡುತ್ತ, "ನನಗೆ ಗೊತ್ತಿತ್ತು ವಸು. ನಾಲ್ಕೈದು ವರ್ಷ ಆಯಿತು" ಎಂದರು.

"ಏನು ಗೊತ್ತಿತ್ತು?"

"ಹಾಲಿನವ ಬೆಲ್ ಮಾಡಿದರೆ ಯಾವಾಗಲೂ ನಾನೇ ಏಳುವುದು ಯಾಕೆ? ಕುಕ್ಕರಿನ ಸೀಟಿ ಎಣಿಸಿ ಗ್ಯಾಸು ನಾನೇ ಆರಿಸುವುದು ಯಾಕೆ? ಹೇಳಿದರೆ ನಿನಗೆ ಬೇಜಾರಾಗ್ತದೆ ಅಂತ ಸುಮ್ಮನಿದ್ದೆ ಮಾರಾಯ್ತಿ."

ನಿವೃತ್ತಿಯಾದ ಮೇಲೆ ಇವರಿಗೆ ಮನೆಗೆಲಸದಲ್ಲಿ ಬುದ್ಧಿ ಬಂತೆಂದು ನಾನು ನೆರೆಹೊರೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಅಡುಗೆಮನೆಗೆ ಹೋಗಿ ಚಹಾಕ್ಕಿಟ್ಟೆ. ಕಣ್ಣು ಒರೆಸಿಕೊಂಡದ್ದು ಹೊಗೆಗೆ ಎನ್ನಲು ಸೌದೆ ಒಲೆಯೂ ಇರಲಿಲ್ಲ.

ವಾರದೊಳಗೆ ಸ್ಟೇಷನ್ ಹತ್ತಿರದ ಕಿವಿ ಡಾಕ್ಟರಲ್ಲಿಗೆ ಹೋದೆ. ಗಾಜಿನ ಪುಟ್ಟ ಕೋಣೆಯಲ್ಲಿ ಕೂರಿಸಿ, ಕೇಳಿಸಿದಾಗ ಗುಂಡಿ ಒತ್ತಿ ಎಂದರು. ನಿಜ ಹೇಳುತ್ತೇನೆ, ಬೆರಳು ತುರಿಸಿತು. ಸುಮ್ಮಸುಮ್ಮನೆ ನಾಲ್ಕು ಸಲ ಒತ್ತಿದರೆ ಯಾರಿಗೆ ಗೊತ್ತಾಗುತ್ತದೆ? ಆದರೆ ಆ ಗುಡ್ಡ ಕಣ್ಣ ಮುಂದೆ ಬಂತು. ಕೇಳಿಸಿದ್ದಕ್ಕಷ್ಟೇ ಒತ್ತಿದೆ. ಬಹಳ ಹೊತ್ತು ಬೆರಳು ಸುಮ್ಮನೇ ಇತ್ತು. ಬಲಗಿವಿ ವಯಸ್ಸಿಗೆ ತಕ್ಕಂತಿದೆ, ಎಡಗಿವಿ ಬಹಳ ಸೋತಿದೆ ಎಂದರು ಡಾಕ್ಟರು. ಎಕ್ಸ್‌ಚೇಂಜಿನಲ್ಲಿ ಹೆಡ್‌ಸೆಟ್ಟು ಹಾಕುತ್ತಿದ್ದದ್ದು ಎಡಗಿವಿಗೆ.

ಹತ್ತು ದಿನಕ್ಕೆ ಅವರೆಕಾಳಿನ ಗಾತ್ರದ ಯಂತ್ರ ಎಡಗಿವಿಗೆ ಬಂತು. ಮೊದಲ ದಿನ ಸ್ಟೀಲಿನ ತಟ್ಟೆಗಳೆಲ್ಲ ಜಗಳಕ್ಕೆ ನಿಂತ ಹಾಗೆ ಕೇಳಿಸಿತು. ಎರಡನೇ ದಿನ ಧೈರ್ಯ ಮಾಡಿ ಸಂಗೀತದ ಯಂತ್ರಕ್ಕೆ ಸುತ್ತಿದ್ದ ಸೀರೆ ಬಿಚ್ಚಿ 'ಮೂರು ನಿಮಿಷ' ಕೇಳಿದೆ. ಅಯ್ಯೋ ದೇವರೇ. ಪಾತ್ರೆ ಅಂಗಡಿಗೆ ಗೂಳಿ ನುಗ್ಗಿ ಅದರ ಮೇಲೆ ಗಿಳಿ ಕೂತ ಹಾಗಿತ್ತು. ಇದನ್ನು ಕೇಳಿ "ನೈಸ್" ಎಂದು ಬರೆದ ಆ ಮಕ್ಕಳ ಸಂಸ್ಕಾರ ದೊಡ್ಡದು. ನಾಲ್ಕು ದಿನ ಕೂತು ಗುಡ್ಡವನ್ನು ಕಡಿದು ಕಡಿದು ದಿಬ್ಬ ಮಾಡಿದೆ. ಇವರು ಪೂರ್ತಿ ಕೇಳಿ, ಮತ್ತೊಮ್ಮೆ ಹಾಕು ಎಂದರು. ಮದುವೆಯಾಗಿ ಮೂವತ್ತೇಳು ವರ್ಷದಲ್ಲಿ ಉಪ್ಪಿಟ್ಟಿಗೂ ಅವರು ಹಾಗೆಂದದ್ದಿಲ್ಲ.

ತಾರ್‌ವಾಲೇ ಗುಂಪಿನಲ್ಲಿ ಒಂದು ಪದ್ಧತಿಯಿದೆ. ಹೊಸ ಯಂತ್ರ ಮನೆಗೆ ಬಂದ ದಿನ ಅದರ ಫೋಟೋ ಹಾಕಬೇಕು, ಉಳಿದವರು ಹೊಟ್ಟೆ ಉರಿದುಕೊಳ್ಳಬೇಕು. ನಾನು ಅಂಗೈಯಲ್ಲಿ ಕಿವಿಯಂತ್ರ ಇಟ್ಟು ಫೋಟೋ ತೆಗೆದು, 'ಹೊಸ ಗೇರ್' ಎಂದು ಹಾಕಿದೆ. ಅವತ್ತು ಎತ್ತಿದ ಕೈಯ ನಿಜಸಂಗತಿಯನ್ನೂ ನಾಲ್ಕು ಸಾಲು ಬರೆದೆ. ಕಳಿಸಿದ ಮೇಲೆ ಫೋನನ್ನು ತಲೆಕೆಳಗೆ ಇಟ್ಟು ದೇವರ ದೀಪ ಹಚ್ಚಲು ಹೋದೆ. ಬಂದು ನೋಡಿದರೆ ಅರವತ್ತು ಸಂದೇಶ! "ಬ್ಯಾಟರಿ ಎಷ್ಟು ದಿನ ಬರುತ್ತೆ?", "ಬ್ಲೂಟೂತ್ ಇದೆಯಾ?", "ಆಂಟಿ, ಅದಲುಬದಲು ಮಾಡ್ತೀರಾ?" ಯಾರೂ ಅಯ್ಯೋ ಪಾಪ ಎನ್ನಲಿಲ್ಲ. ಅದೇ ನನಗೆ ಹೆಚ್ಚು ಹಿಡಿಸಿತು.

ಅವುಗಳ ನಡುವೆ ನಿಖಿಲನದು ಮಾತ್ರ ಬೇರೆಯಾಗಿ, ನನಗೊಬ್ಬಳಿಗೇ ಬಂದಿತ್ತು. "ಆಂಟಿ, ಯಾವ ಡಾಕ್ಟರ್ ಕಡೆ ಹೋಗಿದ್ರಿ? ಗ್ರೂಪ್‌ನಾಗ ಹೇಳಬ್ಯಾಡ್ರಿ."

ಫೋನ್ ಮಾಡಿದೆ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, "ಆರು ತಿಂಗಳಾತ್ರಿ, ಬಲಗಿವ್ಯಾಗ ಒಂದಽ ಸಮನ ಸೀಟಿ ಹೊಡದಂಗ ಆಗ್ತದ. ಆ ಕಡಿಂದ ಯಾರರ ಮಾತಾಡಿದ್ರ ಸರಿ ತಿಳಿಯಂಗಿಲ್ಲ. ನನ್ನ ಕೆಲಸನ ಕಿವಿದು. ಯಾರ ಮುಂದ ಹೇಳ್ಲಿ?" ಎಂದ.

"ಅಲ್ಲ ಮಾರಾಯ, ಎಲ್ಲರ ಕಿವಿ ಪರೀಕ್ಷೆ ಮಾಡಿದವನು ನೀನೇ ಅಲ್ವಾ?"

"ಅದಕ್ಕಽ ಲ್ಯಾಪ್‌ಟಾಪ್ ಮುಂದ ಕೂಡತೀನ್ರಿ, ಆಂಟಿ. ಅಲ್ಲಿ ಕೂತಾಂವ ಕೈ ಎತ್ತಬೇಕಾಗಂಗಿಲ್ಲ."

ನಾಳೆ ಹತ್ತು ಗಂಟೆಗೆ ಚೆಂಬೂರು ಸ್ಟೇಷನ್ನಿಗೆ ಬಾ, ನಾನೂ ಬರುತ್ತೇನೆ ಎಂದಷ್ಟೇ ಹೇಳಿದೆ. ಮಲಾಡಿನಿಂದ ಎರಡು ಲೋಕಲ್ ಬದಲಿಸಿ ಬಂದ. ಗಾಜಿನ ಕೋಣೆಗೆ ಕರೆದಾಗ ಎದ್ದು, ಎರಡು ಹೆಜ್ಜೆ ಹೋಗಿ, ತಿರುಗಿ ನನ್ನನ್ನು ನೋಡಿದ.

"ಕೇಳಿಸಿದರೆ ಒತ್ತು. ಕೇಳಿಸದಿದ್ದರೆ ಸುಮ್ಮನಿರು. ಅದಕ್ಕಿಂತ ಹೆಚ್ಚು ಮಾಡಲಿಕ್ಕೆ ಹೋಗಬೇಡ" ಎಂದೆ. ಅವನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

ಹೊರಗೆ ಬಂದಾಗ ಅವನ ಹೆಗಲು ಸ್ವಲ್ಪ ಕೆಳಗಿಳಿದಿತ್ತು. ಬಲಗಿವಿಗೆ ಪೆಟ್ಟಾಗಿರುವುದು ಹೌದು, ಆದರೆ ಬೇಗ ಬಂದಿರಿ ಎಂದರಂತೆ ಡಾಕ್ಟರು. ಹೆಡ್‌ಫೋನಿನ ಸದ್ದು ತಗ್ಗಿಸಬೇಕು, ಅಂಗಡಿಯಲ್ಲಿ ದೊಡ್ಡ ಸ್ಪೀಕರು ಪರೀಕ್ಷಿಸುವಾಗ ಕಿವಿಗೆ ಬೆಣೆ ಇಟ್ಟುಕೊಳ್ಳಬೇಕು, ಮೂರು ತಿಂಗಳಿಗೆ ಮತ್ತೆ ತೋರಿಸಬೇಕು. ಕೆಲಸ ಬಿಡಬೇಕಾಗಿಲ್ಲ. "ಕೆಲಸ ಬಿಡಬೇಕಾಗಿಲ್ಲಂತ್ರಿ" ಎಂದು ಅವನು ಮೆಟ್ಟಿಲಿಳಿಯುತ್ತ ಎರಡು ಸಲ ಹೇಳಿದ.

ರಸ್ತೆಗಿಳಿದ ಕೂಡಲೆ ಬಸ್ಸು, ರಿಕ್ಷಾಗಳ ಹಾರ್ನು ತಡೆಯಲಾರದೆ ನಾನು ಕಿವಿಯಂತ್ರ ತೆಗೆದು ಪರ್ಸಿನಲ್ಲಿಟ್ಟೆ. ಇಬ್ಬರೂ ಸ್ಟೇಷನ್ ಕಡೆ ನಡೆದೆವು. ಅವನು ಏನೋ ಹೇಳಿದ, ನಾನು "ಹಾಂ?" ಎಂದೆ. ನಾನು ಏನೋ ಹೇಳಿದೆ, ಅವನು "ಏನ್ರೀ?" ಎಂದ. ದನಿ ಏರಿಸಿದೆವು. ಎದುರಿನಿಂದ ಬರುವವರು ಜಗಳವೆಂದುಕೊಂಡು ದಾರಿ ಬಿಟ್ಟರು. ಹಣ್ಣಿನ ಗಾಡಿಯ ಹತ್ತಿರ ನಿಖಿಲ್ ಫಕ್ಕನೆ ನಿಂತು ನಗತೊಡಗಿದ. ನನ್ನ ಎಡಗಡೆ ನಡೆಯುತ್ತಿದ್ದನಲ್ಲ, ಅವನ ಕೆಟ್ಟ ಕಿವಿ ನನ್ನ ಕೆಟ್ಟ ಕಿವಿಗೆ ಸರಿಯಾಗಿ ಎದುರು!

ಸುತ್ತಿ ಬಂದು ನನ್ನ ಬಲಗಡೆ ಸೇರಿಕೊಂಡ. ಅಲ್ಲಿಂದ ಪ್ಲಾಟ್‌ಫಾರ್ಮಿನವರೆಗೆ, ಅಷ್ಟು ಗದ್ದಲದ ರಸ್ತೆಯಲ್ಲಿ, ನಾವಿಬ್ಬರೂ ಮೆಲ್ಲಗೆ ಮಾತಾಡುತ್ತ ಹೋದೆವು.